ಇನಾಮದಾರರಿಗೆ ಸಿಕ್ಕ ದಣಿವು

ಸೈಫುದ್ದೀನ ಇನಾಮದಾರರಿಗೆ ದಣಿವಾಗಿದೆಯೆಂದು ಡಾಕ್ಟರು ಹೇಳಿದ ಸುದ್ದಿ ಸ್ಟಾಫ್ ರೂಮಿಗೆ ಬಂದಾಗ ಗೊಲ್ಲಾಳಪ್ಪ ಕಾಖಂಡಕಿಯವರು ಚಹಾ ಕುಡಿಯುತ್ತಿದ್ದರು. ಎಲ್ಲರೂ "ಅಯ್ಯ, ಪಾಪ" ಅಂದರು. ಗೊಲ್ಲಾಳಪ್ಪನವರೂ ಅಂದರು. ಆದರೆ ಅವರ "ಪಾಪ" ಬದನೆಕಾಯಿಯ ತೊಟ್ಟಿನ ಹಾಗೆ ಗಂಟಲಲ್ಲೇ ಎಲ್ಲೋ ಸಿಕ್ಕಿಕೊಂಡಿತು. ತಮ್ಮ ಮನೆಗೆ ಬರಬೇಕಾದ ಬೀಗರು ದಾರಿ ತಪ್ಪಿ ಪಕ್ಕದ ಮನೆಯಲ್ಲಿ ಕೈಕಾಲು ತೊಳೆದು ಊಟಕ್ಕೆ ಕೂತಂತೆ ಅವರಿಗಾಯಿತು.

ನಡೆದದ್ದು ಇಷ್ಟು. ಇನಾಮದಾರರು ಬಿ.ಎ. ಹುಡುಗರಿಗೆ ಇಂಗ್ಲಿಷ್ ಪದ್ಯ ಹೇಳುತ್ತಿದ್ದವರು ನಡುವೆಯೇ ನಿಂತರು, ಕುರ್ಚಿಯ ಮೇಲೆ ಕೂತರು, ಮೇಜಿಗೆ ತಲೆ ಹಚ್ಚಿ "ಸಾಕು" ಅಂದರು. ಪಾಠ ಸಾಕು ಅಂದರೆಂದು ತಿಳಿದು ಹುಡುಗರು ಖುಷಿಯಿಂದ ಎದ್ದುಹೋದರು. ಮುಂದಿನ ಗಂಟೆ ಹೊಡೆದರೂ ಅವರ ತಲೆ ಮೇಲೇಳಲಿಲ್ಲ. ಜವಾನ ತುಕಾರಾಮ ಟಾಂಗಾ ತರಿಸಿ ದವಾಖಾನೆಗೆ ಕರೆದೊಯ್ದ. ಡಾಕ್ಟರು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, "ಮೈಯಾಗ ಏನೂ ಇಲ್ಲ. ಮನಸ್ಸು ದಣದದ. ಒಂದು ತಿಂಗಳು ಊರಿಗೆ ಹೋಗಿ ಸುಮ್ಮ ಮಲಕ್ಕೊಳ್ರಿ. ಮಾತಾಡಬ್ಯಾಡ್ರಿ" ಅಂದರಂತೆ. ಇನಾಮದಾರರು ಮರುದಿನದ ಬಸ್ಸಿಗೆ ಟಿಕೋಟಾದ ತಾಯಿಯ ಮನೆ ಸೇರಿದರು.

ಒಂದು ತಿಂಗಳು ಮಲಗಬೇಕು. ಮೇಲಾಗಿ ಮಾತಾಡಬಾರದು. ಇತಿಹಾಸದ ಮಾಸ್ತರರಾದ ಗೊಲ್ಲಾಳಪ್ಪನವರ ಕಿವಿಗೆ ಇದು ಬಾದಶಹರು ಜಹಗೀರು ಬಿಟ್ಟುಕೊಟ್ಟಂತೆ ಕೇಳಿಸಿತು. ಮನೆತನದ ಹೆಸರೇ ಇನಾಮದಾರ. ಇನಾಮು ಅವರಿಗಲ್ಲದೆ ಕಾಖಂಡಕಿ ಊರಿನ ಕುರಿ ಕಾಯುವವರಿಗೆ ಸಿಕ್ಕೀತೇ?

ಕುರಿ ಕಾಯುವವರ ಮನೆಯಲ್ಲಿ ಕುರ್ಚಿಯ ಮೇಲೆ ಕೂತ ಮೊದಲ ಮನುಷ್ಯ ಗೊಲ್ಲಾಳಪ್ಪ. ಬಬಲೇಶ್ವರದ ಸಾಲೆಗೆ ನಡೆದು, ವಿಜಾಪುರದ ಬೋರ್ಡಿಂಗಿನಲ್ಲಿ ಉಂಡು, ಧಾರವಾಡದಲ್ಲಿ ಎಂ.ಎ. ಮಾಡಿ ಬಂದವರು. ವಿಜಾಪುರದ ಈ ಕಾಲೇಜಿಗೆ ಮಾಸ್ತರರಾಗಿ ಸೇರುವ ದಿನ ಅಪ್ಪ ರೇವಪ್ಪ ಒಂದೇ ಮಾತು ಹೇಳಿದ್ದ: "ಕುರಿಗಿ ಆದಿತ್ಯವಾರ ಗೊತ್ತಿಲ್ಲ, ತಮ್ಮಾ. ತಿಳಕೊಂಡು ದುಡಿ." ಮಗ ತಿಳಿದುಕೊಂಡ. ತಿಳಿಯಬೇಕಾದ್ದಕ್ಕಿಂತ ಎರಡು ಮುಷ್ಟಿ ಜಾಸ್ತಿಯೇ ತಿಳಿದುಕೊಂಡ. ತನ್ನ ಮದುವೆಯನ್ನು ಆದಿತ್ಯವಾರ ಇಡಿಸಿ, ಸೋಮವಾರ ಕೈಯ ಕಂಕಣ ಬಿಚ್ಚದೆ ಬಂದು ಹಾಜರಿ ಹಾಕಿದ. ಅಂದಿನಿಂದ ಇಂದಿನವರೆಗೆ, ಅಂದರೆ ಇಪ್ಪತ್ತು ವರ್ಷ, ಅವರು ಒಂದು ದಿನವೂ ರಜೆ ಹಾಕಿದವರಲ್ಲ. ಜ್ವರ ಬಂದರೆ ಜ್ವರವನ್ನೂ ಕರೆದುಕೊಂಡು ಕ್ಲಾಸಿಗೆ ಹೋಗುತ್ತಿದ್ದರು.

ಪ್ರಿನ್ಸಿಪಾಲರಿಗೆ ಇದು ಬಹಳ ಸೇರಿತು. ಗ್ಯಾದರಿಂಗ್ ಎಂಬ ವರ್ಷವರ್ಷದ ಕಾಲೇಜು ಹಬ್ಬದಲ್ಲಿ, ನಾಟಕಕ್ಕೆ ಮುಂಚೆ, ರಜೆ ಹಾಕದ ಮಾಸ್ತರರಿಗೊಂದು ಶಾಲು ಹೊದಿಸುವ ಪದ್ಧತಿಯನ್ನೇ ಹಾಕಿದರು. ಶಾಲು ಪ್ರತಿ ಸಲ ಒಂದೇ ಹೆಗಲು ಹುಡುಕಿಕೊಂಡು ಬರುತ್ತಿತ್ತು. ಜಲನಗರದ ಬಾಡಿಗೆ ಮನೆಯಲ್ಲಿ ಟ್ರಂಕು ತುಂಬಿ, ಒಂದು ಶಾಲು ಹೊಲಿಗೆ ಮಷೀನಿಗೆ ಹೊದಿಕೆಯಾಗಿ, ಇನ್ನೊಂದು ಹಪ್ಪಳ ಒಣಗಿಸಲು ಮಾಳಿಗೆ ಏರಿತು. ಹೆಂಡತಿ ಭೀಮಾಬಾಯಿ ಗ್ಯಾದರಿಂಗ್ ಹತ್ತಿರ ಬಂತೆಂದರೆ, "ಈ ಸಲ ಹಾಸಿಗಿ ಚಾದರ ಕೊಡ್ರಿ ಅಂತ ಕೇಳ್ರಿ. ಶಾಲು ಸಾಕಾಗ್ಯಾವ" ಅನ್ನುತ್ತಿದ್ದಳು.

ಶಾಲಿನ ಜೊತೆ ಕೆಲಸಗಳೂ ಬಂದು ಹೆಗಲ ಮೇಲೆ ಕೂತವು. ಮುಂಜಾನೆಯ ಕಾಲೇಜು, ಸಂಜೆಯ ಕಾಲೇಜು, ಹಾಸ್ಟೆಲು, ನಾಟಕದ ತಾಲೀಮು, ಪರೀಕ್ಷೆಯ ಉಸ್ತುವಾರಿ. ಒಂದಾನೊಂದು ಕಾಲದಲ್ಲಿ ಅವರು ಹುಡುಗರನ್ನು ಉಪ್ಪಲಿ ಬುರುಜಿನ ಮೇಲೆ ಹತ್ತಿಸಿ, ಗಾಳಿಗೆ ಎದುರಾಗಿ ನಿಂತು ಕೂಗಿ ಕೂಗಿ ಪಾಠ ಹೇಳಿದವರು. ಈಗ ಪಾಠವೆಂದರೆ ನೋಟ್ಸ್ ಬರೆಸುವುದು. ಕುರ್ಚಿಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದರೆ ಮಾತು ತಾನೇ ಬರುತ್ತಿತ್ತು. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಸಾಲು ಎಲ್ಲ ಸಮೇತ. ಗಂಟೆ ಹೊಡೆದಾಗ ಕಣ್ಣು ತೆರೆಯುವುದು.

ಅದು ಎಮರ್ಜೆನ್ಸಿಯ ಎರಡನೇ ವರ್ಷ. ಕಾಲೇಜಿಗೆಲ್ಲ ಶಿಸ್ತು ಬಂದಿತ್ತು. ಸ್ಟಾಫ್ ರೂಮಿನ ಗೋಡೆಗೆ "ಮಾತು ಕಡಿಮೆ, ದುಡಿಮೆ ಹೆಚ್ಚು" ಎಂಬ ಬೋರ್ಡು ಹಾಕಿದ್ದರು. ಮಾತೇ ದುಡಿಮೆಯಾದವರು ಏನು ಮಾಡಬೇಕೆಂದು ಬೋರ್ಡಿನಲ್ಲಿ ಇರಲಿಲ್ಲ.

ಇನಾಮದಾರರು ಹೋದ ಮರುದಿನ ಪ್ರಿನ್ಸಿಪಾಲರು ಅದೇ ಬೋರ್ಡಿನ ಕೆಳಗೆ ನಿಂತು ಹೇಳಿದರು: "ಇನಾಮದಾರರ ಪಿರಿಯಡ್ ಎಲ್ಲಾ ಕಾಖಂಡಕಿಯವರು ಎಂಗೇಜ್ ಮಾಡ್ತಾರ. ಅವರಿಗೇನ್ರಿ, ದಣಿವು ಅನ್ನೂದು ಅವರ ಜಾತಕದಾಗ ಇಲ್ಲ."

ಎಲ್ಲರೂ ನಕ್ಕರು. ಹೊಗಳಿಕೆಯ ಹಾಗಿದ್ದ ಮಾತಿಗೆ ಬೇಡ ಅನ್ನುವುದು ಹೇಗೆ? ಗೊಲ್ಲಾಳಪ್ಪನವರೂ ನಕ್ಕರು. ಒಬ್ಬರು ಮಲಗುವುದು, ಅವರ ಪಾಲಿನದನ್ನು ಇನ್ನೊಬ್ಬರು ನಿಂತು ಮಾತಾಡುವುದು. ಇದು ಯಾವ ನ್ಯಾಯ? ಅದೂ ಸಾಲದೆಂದು, ಎಂಗೇಜ್ ಮಾಡಲು ಹೋದರೆ ಹುಡುಗರು ಎದ್ದುನಿಂತು, "ಇನಾಮದಾರ್ ಸರ್ ಹೆಂಗದಾರ್ರಿ? ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಿದ್ದರು. ಗೊಲ್ಲಾಳಪ್ಪನವರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಹೋಗದವರನ್ನು ಯಾವಾಗ ಬರುತ್ತಾರೆಂದು ಯಾರು ಕೇಳುತ್ತಾರೆ?

ಆ ಸಂಜೆ ಮನೆಯಲ್ಲಿ ಅವರು ವಿಷಯ ತೆಗೆದರು.

"ನನಗೂ ದಣಿವಾಗ್ಯದ."

"ಕಾಲಿಗಿ ಎಣ್ಣಿ ಹಚ್ಚಲೇನ್ರಿ?" ಅಂದಳು ಭೀಮಾಬಾಯಿ.

"ಕಾಲಿಗಲ್ಲ. ತಲಿಗಿ."

"ತಲಿಗೂ ಹಚ್ಚೂಣು. ಎಣ್ಣಿ ಏನು ಬ್ಯಾರೆ ತರಬೇಕೇನು?"

ಅಷ್ಟರಲ್ಲಿ ಊರಿಂದ ಜೋಳದ ಚೀಲ ಇಳಿಸಲು ಬಂದಿದ್ದ ರೇವಪ್ಪ ಒಳಗಿನಿಂದಲೇ ಕೇಳಿಸಿಕೊಂಡ. "ದಣಿವಂತ ಏನೋ ಅದು? ನೆರಳಾಗ ನಿಂತು ಮಾತಾಡೂ ಕೆಲಸ. ತಲಿ ಮ್ಯಾಲ ಫ್ಯಾನು ತಿರಗತದ. ನಾ ಮಾತಾಡಾಕ ನಿಂತ್ರ ನಿಮ್ಮವ್ವ ರೊಕ್ಕ ಕೊಟ್ಟು ಬಾಯಿ ಮುಚ್ಚಸ್ತಾಳ. ನಿನಗ ಮಾತಾಡ್ಲಿ ಅಂತ ಪಗಾರ ಕೊಡ್ತಾರ!"

ಗೊಲ್ಲಾಳಪ್ಪನವರು ತಲೆಗೆ ಎಣ್ಣೆ ಹಚ್ಚಿಸಿಕೊಂಡರು. ಆದರೆ ಹೊಟ್ಟೆಯ ಕಿಚ್ಚು ಎಣ್ಣೆಗೆ ಆರುವಂಥದ್ದಲ್ಲ. ಇನಾಮದಾರರ ಡಾಕ್ಟರ ಹತ್ತಿರವೇ ಹೋದರು.

"ಹಸಿವಿ ಹೆಂಗದ?" ಕೇಳಿದರು ಡಾಕ್ಟರು.

"ಛಲೋ ಅದರಿ."

"ನಿದ್ದಿ?"

"ಬಿದ್ದ ಕೂಡ್ಲೆ ಹತ್ತತದರಿ."

"ಮತ್ತೇನು ತ್ರಾಸ?"

"ದಣಿವ್ರಿ."

"ಎಲ್ಲೆ?"

ಗೊಲ್ಲಾಳಪ್ಪನವರು ಎದೆ ಮುಟ್ಟಿ ನೋಡಿದರು, ಹಣೆ ಮುಟ್ಟಿ ನೋಡಿದರು, ಜಾಗ ಸಿಗಲಿಲ್ಲ. "ಇನಾಮದಾರ್ ಸರ್‌ಗೆ ಎಲ್ಲಿತ್ತೋ, ಅಲ್ಲೇರಿ" ಅಂದರು.

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. "ಅವರು ಊಟಾನ ಬಿಟ್ಟಿದ್ರು. ನಿಮ್ಮದು ಎತ್ತಿನ ಮೈ ಅದ, ಸರ್" ಎಂದು ಒಂದು ಟಾನಿಕ್ ಬರೆದುಕೊಟ್ಟರು. ಊಟ ಬಿಟ್ಟರೆ ಸಿಗುವುದಾದರೆ ಬಿಡೋಣವೆಂದು ಗೊಲ್ಲಾಳಪ್ಪನವರು ಆ ರಾತ್ರಿ "ನನಗ ಬ್ಯಾಡ" ಅಂದರು. ಆದರೆ ಟಾನಿಕ್ ಹಸಿವು ಹೆಚ್ಚಿಸುವಂಥದ್ದು. ಅಡಿಗೆಮನೆಯಿಂದ ಬಿಸಿ ರೊಟ್ಟಿಯ ವಾಸನೆ ಬೇರೆ. ಕಡೆಗೆ ದಿನಕ್ಕಿಂತ ಒಂದು ರೊಟ್ಟಿ ಜಾಸ್ತಿ ಉಂಡು, ತಟ್ಟೆಯ ಶೇಂಗಾ ಚಟ್ನಿಯನ್ನು ಬೆರಳಲ್ಲಿ ಸವರಿಕೊಂಡು, ಮನುಷ್ಯನಿಗೆ ನೆಟ್ಟಗೆ ಕಾಯಿಲೆ ಬೀಳುವ ಯೋಗ್ಯತೆಯೂ ಬೇಕಲ್ಲ ಎಂದು ತಮ್ಮನ್ನೇ ಬೈದುಕೊಂಡರು.

ಅದೇ ವಾರದಲ್ಲಿ ಆ ಸಂಗತಿ ನಡೆಯಿತು. ಸಂಜೆಯ ಕಾಲೇಜು, ಅವರದೇ ಇತಿಹಾಸದ ಕ್ಲಾಸು. ಗೊಲ್ಲಾಳಪ್ಪನವರು ಕಣ್ಣು ಮುಚ್ಚಿ ಬರೆಸುತ್ತಿದ್ದರು. "ಬಹಮನಿ ರಾಜ್ಯದ ಪತನಕ್ಕೆ ಕಾರಣಗಳು. ಹೊಸ ಸಾಲು. ಆಸ್ಥಾನದಲ್ಲಿ ಹಳಬರಿಗೂ ಹೊಸಬರಿಗೂ ಇದ್ದ ಮತ್ಸರ, ಅಲ್ಪವಿರಾಮ…" ಪೆನ್ನುಗಳ ಸಪ್ಪಳ ಎಂದಿನಂತೆ ಬರುತ್ತಿತ್ತು. ಆಮೇಲೆ ಯಾರೋ ಕೆಮ್ಮಿದರು. ಮುಂದಿನ ಬೆಂಚಿನ ಅಮೋಘಿ ಎದ್ದು ನಿಂತಿದ್ದ.

"ಸರ್, ಇದನ್ನ ನಿನ್ನೆ ಬರಸೀರ್ರಿ."

"ನಿನ್ನೆ?"

"ಮೊನ್ನೇನೂ ಬರಸೀರ್ರಿ. ಇದ ಪ್ಯಾರಾ."

"ಮತ್ತ ಮೊನ್ನೆನ ಯಾಕ ಹೇಳಲಿಲ್ಲೋ?"

ಅಮೋಘಿ ಹಿಂದೆ ಮುಂದೆ ನೋಡಿದ. "ಕಾರಣಗಳು ಅಂದಿದ್ರಿ, ಸರ್. ಎರಡನೇ ಕಾರಣಾನೂ ಅದ ಇರಬೇಕು, ಮೂರನೇದೂ ಅದ ಇರಬೇಕು ಅಂತ ಬರಕೊಂಡ್ವಿರಿ."

ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಗದರಿಸಬಹುದಿತ್ತು. ಒಬ್ಬರೂ ನಗಲಿಲ್ಲ. ಹುಡುಗರು ಅವರನ್ನು ಭಯದಿಂದ ನೋಡುತ್ತಿದ್ದರು, ಬಾವಿಯ ದಂಡೆಯ ಮೇಲೆ ತೂಕಡಿಸುತ್ತ ಕೂತವನನ್ನು ನೋಡಿದ ಹಾಗೆ. ಗೊಲ್ಲಾಳಪ್ಪನವರು "ಮುಂದಿನದು ನಾಳೆ" ಎಂದು ಸೈಕಲ್ ಹತ್ತಿದರು. ದಾರಿಯುದ್ದಕ್ಕೂ ಮುಂದಿನದು ಯಾವುದೆಂದು ನೆನೆದರು. ಇಪ್ಪತ್ತು ವರ್ಷ ಬಾಯಲ್ಲಿದ್ದ ಎರಡನೇ ಕಾರಣ ಬರಲಿಲ್ಲ. ಸೈಕಲ್ಲಿನಿಂದ ಇಳಿದು, ನಿಂತು ನೆನೆದರು. ಆಗಲೂ ಇಲ್ಲ. ನಾಳೆ ಬಾಯಿ ತೆರೆದರೆ ಮತ್ತೆ ಮೊದಲನೆಯದೇ ಬಂದರೆ? ಓದಿಸುವ ಮಾಸ್ತರನ ಹತ್ತಿರ ಮಾತೊಂದನ್ನು ಬಿಟ್ಟರೆ ಬೇರೆ ಏನಿದೆ? ಅವರಿಗೆ ಅಂಗೈ ತಣ್ಣಗಾಯಿತು. ಅಷ್ಟು ಭಯದಲ್ಲೂ ಇನಾಮದಾರರ ಮೇಲಿನ ಹೊಟ್ಟೆಕಿಚ್ಚು ಮಾತ್ರ ಬೆಚ್ಚಗೇ ಇತ್ತು: ಆ ಮನುಷ್ಯ ಇಂಥದ್ದು ಆಗುವುದಕ್ಕೆ ಮುಂಚೆಯೇ ಎಷ್ಟು ಚೆಂದ ತಲೆ ಇಟ್ಟುಬಿಟ್ಟ!

ಆದಿತ್ಯವಾರ ಅವರು ಬಿಸ್ಕಿಟ್ ಪುಡಿಕೆ, ಮೋಸಂಬಿ ಹಿಡಿದುಕೊಂಡು ಟಿಕೋಟಾದ ಬಸ್ಸು ಹತ್ತಿದರು. ಮೈ ನೆಟ್ಟಗಿಲ್ಲದವರನ್ನು ಮಾತಾಡಿಸಿಕೊಂಡು ಬರುವುದು ಈ ಕಡೆಯ ರೀತಿ. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ. ಆದರೆ ಅವರು ಹೊರಟದ್ದು ರೀತಿಗಲ್ಲ. ದಣಿದ ಮನುಷ್ಯ ಹೇಗಿರುತ್ತಾನೆ, ತಮಗೂ ಅವನಿಗೂ ಎಲ್ಲಿ ಫರಕು ಎಂದು ಕಣ್ಣಾರೆ ನೋಡಬೇಕಿತ್ತು.

ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು. ಅಂಗಳದ ಬೇವಿನ ನೆರಳಿಗೆ ಹೊರಸು, ಹೊರಸಿನ ಮೇಲೆ ದುಪ್ಪಟಿ, ದುಪ್ಪಟಿಯ ಮೇಲೆ ಇನಾಮದಾರರು. ತಾಯಿ ಪೀರಾಂಬಿ ಬಟ್ಟಲಲ್ಲಿ ಹಲ್ವಾ ಹಿಡಿದು ಪಕ್ಕದಲ್ಲಿದ್ದಳು. ಸುತ್ತ ಮಂದಿ ಕೂತಿದ್ದರು. ಒಬ್ಬರು ತಾಯಿತ ಕಟ್ಟಿಸಿರಿ ಅಂದರೆ ಇನ್ನೊಬ್ಬರು ಆಡಿನ ಹಾಲು ಕುಡಿಸಿರಿ ಅನ್ನುತ್ತಿದ್ದರು. ಇನಾಮದಾರರು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಡಾಕ್ಟರ ಹುಕುಂ! ಅವರು ಬೇವಿನ ಎಲೆ ನೋಡುತ್ತ ಮಲಗಿದ್ದರೆ ಸಾಕು.

"ಬರ್ರಿ ಬೇಟಾ, ಕೂಡ್ರಿ" ಅಂದಳು ಪೀರಾಂಬಿ. ಕೂಡಲು ಜಾಗ ಹುಡುಕಿದಾಗ ಹೊರಸಿನ ಕಾಲ ಹತ್ತಿರ ಒಂದು ಗುರುತಿನ ರುಮಾಲು ಕಂಡಿತು. ರುಮಾಲಿನ ಕೆಳಗೆ ರೇವಪ್ಪ. ರೇವಪ್ಪನ ಮಡಿಲಲ್ಲಿ ತುಪ್ಪದ ಡಬ್ಬಿ.

"ಯಪ್ಪಾ! ನೀ ಇಲ್ಲೇನು ಮಾಡಾಕತ್ತಿ?"

"ಟಗರು ಮಾರಾಕ ಬಂದಿದ್ದೆ. ಸಾಹೇಬರಿಗಿ ಆರಾಮಿಲ್ಲಂತ ತಿಳೀತು. ಹೋದ ವರ್ಷ ನಮ್ಮ ಮನ್ಯಾಗ ಊಟಾ ಮಾಡಿ ಹೋಗ್ಯಾರ, ಮಾತಾಡಸಲಾರದ ಹೆಂಗ ಹೋಗೂದು?" ರೇವಪ್ಪ ದನಿ ಇಳಿಸಿದ. "ಓದಿದ ತಲಿ ನೋಡಪಾ. ದಣದಿರತದ, ಪಾಪ."

ಗೊಲ್ಲಾಳಪ್ಪನವರು ತುಪ್ಪದ ಡಬ್ಬಿಯನ್ನೇ ನೋಡಿದರು. ಹೆತ್ತ ಅಪ್ಪ! ಮನೆಯ ತುಪ್ಪ! ಕಾಖಂಡಕಿಯಿಂದ ಜಲನಗರಕ್ಕೆ ಬರದ ತುಪ್ಪ ಬಬಲೇಶ್ವರ ದಾಟಿ ಟಿಕೋಟಾಕ್ಕೆ ಬಂದಿದೆ.

"ಮತ್ತ ನನ್ನ ತಲಿ? ಅದು ಓದಿಲ್ಲೇನು?"

"ನಿನಗೇನಾಗ್ಯದೋ? ಕಲ್ಲಿನಂಗ ಅದಿ. ನಿನ್ನೆನರೆ ಕಾಲೇಜಿಗೆ ಹೋಗಿದ್ದೆಲ್ಲ?"

ಮಧ್ಯಾಹ್ನದ ನಮಾಜಿಗೆಂದು ಮಂದಿ ಎದ್ದರು. ರೇವಪ್ಪ ಟಗರು ನೋಡಿಕೊಳ್ಳಲು ಹೋದ. ಪೀರಾಂಬಿ ಒಳಗೆ ಹೋದಳು. ಬೇವಿನ ಕೆಳಗೆ ಇಬ್ಬರೇ ಉಳಿದರು. ಗೊಲ್ಲಾಳಪ್ಪನವರು ಆರೋಗ್ಯ ವಿಚಾರಿಸಲು ಬಾಯಿ ತೆರೆದರು. ಬಂದ ಮಾತು ಬೇರೆ.

"ಇನಾಮದಾರ್ ಸರ್, ನಿಮಗ ಇದು ಹೆಂಗ ಸಿಕ್ಕತ್ರಿ?"

ಇನಾಮದಾರರು ಮೊದಲ ಸಲ ಎಲೆ ಬಿಟ್ಟು ಮನುಷ್ಯನನ್ನು ನೋಡಿದರು. ಗೊಲ್ಲಾಳಪ್ಪನವರು ತಡೆಯಲಾರದೆ ಎಲ್ಲ ಹೇಳಿದರು. ಡಾಕ್ಟರು ನಕ್ಕದ್ದು, ಊಟ ಬಿಡಲಾಗದ್ದು, ಮೂರು ದಿನ ಒಂದೇ ಪ್ಯಾರಾ ಬರೆಸಿದ್ದು, ಎರಡನೇ ಕಾರಣ ಇವತ್ತಿನವರೆಗೂ ನೆನಪಾಗದ್ದು. ಇನಾಮದಾರರು ಹಲ್ವಾದ ಬಟ್ಟಲನ್ನು ಅವರ ಕಡೆ ಸರಿಸಿದರು. ಆಮೇಲೆ ವೈದ್ಯರ ಆಜ್ಞೆ ಮುರಿದರು.

"ನಿಮ್ಮ ಸಲುವಾಗಿನ ಸಿಕ್ಕದ್ದು."

"ನನ್ನ ಸಲುವಾಗಿ?"

"ಮತ್ತೇನ್ರಿ? ನಾ ಒಂದು ದಿನ ರಜಾ ಕೇಳಾಕ ಹೋದ್ರ ಪ್ರಿನ್ಸಿಪಾಲರು ಅಂತಿದ್ರು, 'ಕಾಖಂಡಕಿಯವರನ್ನ ನೋಡಿ ಕಲೀರಿ.' ನೀವು ಮುಂಜಾನಿ ಸಂಜಿ ಎರಡೂ ತಗೊಂಡ್ರಿ, ನಾನೂ ತಗೊಂಡೆ. ನೀವು ಜ್ವರದಾಗ ಬಂದ್ರಿ, ನಾನೂ ಬಂದೆ. ಗ್ಯಾದರಿಂಗ್‌ನಾಗ ನಿಮಗ ಶಾಲು ಹೊದಸೂವಾಗ ನಾ ಚಪ್ಪಾಳಿ ಹೊಡೀತಿದ್ದೆ ಖರೆ, ಒಳಗ ಹೊಟ್ಟಿ ಭಗಭಗ ಅಂತಿತ್ರಿ. ಈ ಮನುಷ್ಯಾ ಯಾವಾಗ ಬೀಳ್ತಾನು ಅಂತ ದಾರಿ ಕಾಯಾಕತ್ತಿದ್ದೆ. ನೀವು ಬೀಳಲಿಲ್ಲ. ಕಡೀಕೆ ನಾನ ಬಿದ್ದೆ."

ಗೊಲ್ಲಾಳಪ್ಪನವರಿಗೆ ಮೊದಲು ಆದದ್ದು, ಹೇಳಲು ನಾಚಿಕೆಯಾಗುವಷ್ಟು ಸಂತೋಷ. ತಮ್ಮ ಮೇಲೂ ಒಬ್ಬರು ಹೊಟ್ಟೆಕಿಚ್ಚುಪಟ್ಟಿದ್ದರು! ಹಲ್ವಾ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ತುತ್ತು ಇಳಿಯುವಷ್ಟರಲ್ಲಿ ಸಂತೋಷ ಇಳಿಯಿತು. ಒಬ್ಬರನ್ನೊಬ್ಬರು ನೋಡಿಕೊಂಡು ಇಬ್ಬರೂ ಓಡಿದ್ದರು. ಯಾರೂ ಓಡು ಅಂದಿರಲಿಲ್ಲ, ಒಂದು ಶಾಲು ಅಂದಿತ್ತು.

"ಹಂಗಾರ ನಾ ಏನು ಮಾಡ್ಲಿ, ಸರ್?"

"ನಾ ಬಿದ್ದೆ, ಅದಕ್ಕ ಕೊಟ್ರು. ನೀವು ಬೀಳಾವರಲ್ಲ, ನಿಂತಲ್ಲೇ ಖಾಲಿ ಆಗಾವರು. ನಿಮಗ ಯಾರೂ ತಾವಾಗಿ ಕೊಡಂಗಿಲ್ರಿ. ಬಾಯಿ ಬಿಟ್ಟು ಕೇಳಬೇಕು." ಇಷ್ಟು ಹೇಳಿ ಇನಾಮದಾರರು ಸುಸ್ತಾಗಿ ಕಣ್ಣು ಮುಚ್ಚಿದರು. ಎಷ್ಟು ಸಲೀಸಾಗಿ ಮುಚ್ಚಿದರು ಎಂದು ಗೊಲ್ಲಾಳಪ್ಪನವರಿಗೆ ಆಗಲೂ ಒಮ್ಮೆ ಚುರ್ ಅಂದಿತು.

ಸೋಮವಾರ ಅವರು ಪ್ರಿನ್ಸಿಪಾಲರ ರೂಮಿನ ಮುಂದೆ ನಿಂತರು. ಪಾಠಕ್ಕೆ ನೋಟ್ಸ್ ಇತ್ತು, ಇದಕ್ಕೆ ಇರಲಿಲ್ಲ.

"ಸರ್, ನನಗ ರಜಾ ಬೇಕ್ರಿ."

ಪ್ರಿನ್ಸಿಪಾಲರು ನಕ್ಕರು. "ಏನ್ರಿ ಕಾಖಂಡಕಿ, ಈ ಸಲ ಗ್ಯಾದರಿಂಗಿಗೆ ನಗೆ ನಾಟಕ ಮಾಡಸಾಕತ್ತೀರೇನು? ಡೈಲಾಗ್ ಛಲೋ ಅದ."

"ಖರೇನರಿ. ಹದಿನೈದು ದಿನ."

"ಗ್ಯಾದರಿಂಗ್ ಮುಂದಿನ ತಿಂಗಳದಾಗ ಅದ. ಶಾಲು ತರಿಸಿಟ್ಟೀನಿ, ಮಾರಾಯ್ರ. ಈಗ ತಪ್ಪಸ್ತೀರೇನು?" ಎಂದವರು ಸ್ವಲ್ಪ ಗಂಭೀರರಾದರು. "ಆತು, ರಜಾ ಕೊಟ್ಟೆ ಅಂತನ ತಿಳೀರಿ. ನಿಮ್ಮ ಕ್ಲಾಸು, ಮ್ಯಾಲ ಇನಾಮದಾರರ ಕ್ಲಾಸು. ಇಷ್ಟೆಲ್ಲಾ ಯಾರು ಎಂಗೇಜ್ ಮಾಡ್ತಾರ?"

"ನಾನ ಮಾಡ್ತೀನ್ರಿ" ಅಂದರು ಗೊಲ್ಲಾಳಪ್ಪನವರು.

ಅಂದ ಮೇಲೆ ಅವರಿಗೆ ತಾವೇನು ಅಂದೆವೆಂಬುದು ಕಿವಿಗೆ ಬಿತ್ತು. ಮಾತು ವಾಪಸು ತೆಗೆದುಕೊಳ್ಳಲು ನೋಡಿದರು, ಆಗಲಿಲ್ಲ. ಪ್ರಿನ್ಸಿಪಾಲರು ನಗಲು ಬಾಯಿ ತೆರೆದವರು ಹಾಗೆಯೇ ಬಿಟ್ಟರು. ವರ್ಷವರ್ಷ ಈ ಹೆಗಲಿಗೆ ಶಾಲು ಹೊದಿಸಿದವರು, ಹೆಗಲ ಮೇಲಿನ ಮುಖವನ್ನು ಅವತ್ತು ನೋಡಿದರು.

"ಕೂಡ್ರಿ, ಗೊಲ್ಲಾಳಪ್ಪನವರ" ಅಂದರು. ಹೆಸರು ಹಿಡಿದು ಕರೆದದ್ದೂ ಅದೇ ಮೊದಲು. "ನಾ ನೋಡ್ಕೋತೀನಿ. ಎರಡನೇ ಪಿರಿಯಡ್‌ನಿಂದನ ಮನಿಗೆ ಹೋಗ್ರಿ."

ಗೊಲ್ಲಾಳಪ್ಪನವರು ಜಲನಗರದ ಪಡಸಾಲೆಯಲ್ಲಿ ಹೊರಸು ಹಾಕಿಸಿಕೊಂಡು ಮಲಗಿದರು. ಮಲಗುವುದು ಅಷ್ಟು ಸಲೀಸಲ್ಲ ಎಂದು ಆಗ ತಿಳಿಯಿತು. ಗಂಟೆ ಗಂಟೆಗೆ ಕಾಲು ತಾವೇ ಚಪ್ಪಲಿ ಹುಡುಕುತ್ತಿದ್ದವು. ತಮ್ಮ ಕ್ಲಾಸಿನಲ್ಲಿ ಈಗ ಯಾರು, ಹುಡುಗರು ಅವರ ಮಾತಿಗೆ ನಗುತ್ತಾರೋ ಏನೋ ಎಂದು ಚಿಂತೆ ಹತ್ತುತ್ತಿತ್ತು. ಇನಾಮದಾರರಿಗೆ ಬೇವಿನ ಮರವಿತ್ತು, ನನಗೆ ಎದುರು ಮನೆಯ ಗೋಡೆ ಎಂದೂ ಅನ್ನಿಸಿತು.

ನಾಲ್ಕನೇ ದಿನ ತುಕಾರಾಮ ಸೈಕಲ್ ನಿಲ್ಲಿಸಿ ಬಂದ.

"ಸರ್, ನಿಮ್ಮ ಸಂಜಿ ಕ್ಲಾಸು ಪ್ರಿನ್ಸಿಪಾಲ್ ಸಾಹೇಬರ ತಗೊಳ್ಳಾಕತ್ತಿದ್ರು. ಭಾಳ ವರ್ಷದ ಮ್ಯಾಲ ನಿಂತಾರ ನೋಡ್ರಿ, ನಿನ್ನೆ ಗಂಟಲಾ ಕಟ್ಟಿ ಕುಂತಬಿಟ್ರು. ಇವತ್ತೊಂದು ಸಂಜಿ ಬಂದು ಹೋಗ್ರಿ ಅಂದಾರ."

ಗೊಲ್ಲಾಳಪ್ಪನವರು ಎದ್ದು ಕೂತಿದ್ದರು. ಒಂದು ಕಾಲಿಗೆ ಚಪ್ಪಲಿ ಬಂದೇಬಿಟ್ಟಿತ್ತು. ಭೀಮಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ಕೈಯ ಹಿಟ್ಟು ಸಮೇತ ನಿಂತಳು.

"ಆಗಂಗಿಲ್ಲ ಅಂತ ಹೇಳು" ಅಂದರು ಗೊಲ್ಲಾಳಪ್ಪನವರು ಅವಳಿಗೆ.

"ನಾ ಯಾಕ ಹೇಳ್ಲಿ? ಪಾಠಾ ಹೇಳಾವರು ನೀವು. ನೀವ ಹೇಳ್ರಿ."

ತುಕಾರಾಮ ಅವರ ಮುಖ ನೋಡುತ್ತ ನಿಂತ. ಗೊಲ್ಲಾಳಪ್ಪನವರು ಚಪ್ಪಲಿಯನ್ನು ಬೆರಳಿನಿಂದ ಬಿಡಿಸಿದರು. ಬಹಮನಿ ರಾಜ್ಯ ಬೀಳಲೂ ಇಷ್ಟು ತಡವಾಗಿರಲಿಕ್ಕಿಲ್ಲ.

"ಆಗಂಗಿಲ್ಲ, ತುಕಾರಾಮ."

"ಏನಂತ ಹೇಳ್ಲಿರಿ?"

"ದಣದಾರ ಅಂತ ಹೇಳು."

ತುಕಾರಾಮ ಆಗಲಿ ಎಂದು ತಿರುಗಿದ. ಗೊಲ್ಲಾಳಪ್ಪನವರು ದಿಂಬಿಗೆ ಒರಗಿ, ಏನೋ ನೆನಪಾದವರಂತೆ ಕರೆದರು. "ಅಲ್ಲೋ, ಸಾಹೇಬರನ್ನ ಮಾತಾಡಸಾಕ ಮಂದಿ ಬಂದಿದ್ರೇನು?"

"ಬಂದಿದ್ರೇನ್ರಿ? ಮನಿ ತುಂಬಿತ್ತು. ಆಫೀಸಿನವರು ಬಂದ್ರು, ಹಾಸ್ಟೆಲಿನ ಹುಡುಗ್ರು ಬಂದ್ರು. ಒಬ್ಬರು ಜೇನುತುಪ್ಪ ತಂದಿದ್ರು, ಇನ್ನೊಬ್ಬರು ದ್ರಾಕ್ಷಿ…"

"ಮೂರ ದಿನದ ಪಾಠಕ್ಕ ದ್ರಾಕ್ಷಿ!" ಅಂದರು ಗೊಲ್ಲಾಳಪ್ಪನವರು. ಹೊಟ್ಟೆಯುರಿಯಿಂದಲೇ ಅಂದರು. ಇನ್ನೂ ಏನೋ ಅನ್ನುವವರಿದ್ದರು. ತುಕಾರಾಮ ಮೋಸಂಬಿ, ಬಾಳೆಹಣ್ಣು ಎಂದು ಹೇಳುತ್ತಲೇ ಇದ್ದ. ಭೀಮಾಬಾಯಿ ಹಿಟ್ಟಿನ ಕೈ ಎತ್ತಿ ಸುಮ್ಮನಿರು ಅಂದಾಗ ನೋಡಿದ. ಸರ್ ಬಾಯಿ ತೆರೆದುಕೊಂಡೇ ನಿದ್ದೆ ಹೋಗಿದ್ದರು.